ಎಡಗೈಯ ಸೂಜಿ

ದಾವಣಗೆರೆ, 12-8-1964

ಹರಿಹರದ ಅಯ್ಯನವರ ಪಾದಗಳಿಗೆ ಮಂಡಿಪೇಟೆಯ ಅನ್ನಪೂರ್ಣಮ್ಮನ ಶರಣಾರ್ಥಿ.

ನಮ್ಮ ಯಜಮಾನರಿಗೆ ಮೊನ್ನೆ ಹೃದಯಾಘಾತವಾಯಿತು. ರಕ್ತದ ಒತ್ತಡ ಕುಸಿದು ಕೈಕಾಲು ತಣ್ಣಗಾಗಿವೆ. ಬಲಗೈಯಲ್ಲಿ ನರ ಸಿಗದೆ ಡಾಕ್ಟರು ಪೂಜೆಯಲ್ಲಿ ಇಷ್ಟಲಿಂಗ ಹಿಡಿಯುವ ಎಡಗೈಗೇ ಸೂಜಿ ಚುಚ್ಚಿ, ಔಷಧಿಯನ್ನು ಹನಿಹನಿಯಾಗಿ ಬಿಡುತ್ತಿದ್ದಾರೆ. ಹನಿ ನಿಂತರೆ ಜೀವ ಉಳಿಯುವುದಿಲ್ಲವಂತೆ.

ನಿನ್ನೆ ಬೆಳಿಗ್ಗೆ ಇವರು, "ಪೂಜಿ ಆಗ್ದೆ ನೀರು ಮುಟ್ಟಲ್ಲ" ಎಂದು ಸೂಜಿ ಕಿತ್ತುಬಿಟ್ಟರು. ಲಿಂಗದ ಕರಡಿಗೆ ಬಿಚ್ಚಿಕೊಟ್ಟವಳು ನಾನೇ. ಡಾಕ್ಟರು ಮತ್ತೆ ಸೂಜಿ ಚುಚ್ಚಿದರೂ ನಾಡಿ ಸಿಗಲು ಅರ್ಧ ಗಂಟೆ ಬೇಕಾಯಿತು.

ಸೂಜಿ ತೆಗೆಯುವವರೆಗೆ ಮನಸ್ಸಿನಲ್ಲೇ ಪೂಜೆ ಸಾಕೆಂದು ತಾವು ಒಂದು ಸಾಲು ಬರೆದು, ನನ್ನ ಮೈದುನ ಕರಿಬಸವರಾಜನ ಕೈಯಲ್ಲಿ ಈಗಲೇ ಕಳಿಸಬೇಕು. ತಮ್ಮ ಅಪ್ಪಣೆಯಾಗಿದೆ ಎಂದು ಇವರಿಗೆ ಆಗಲೇ ಸುಳ್ಳು ಹೇಳಿದ್ದೇನೆ. "ಹಂಗಾದ್ರೆ ಕಾಗದ ತೋರ್ಸು" ಎನ್ನುತ್ತಿದ್ದಾರೆ.

ಇದನ್ನು ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಎರಡೂ ಕೈ ಅವರ ಬಲಗೈಯನ್ನು ಹಿಡಿದುಕೊಂಡಿವೆ.

ತಮ್ಮ ಮನೆಯ ಮಗಳು,
ಅನ್ನಪೂರ್ಣಮ್ಮ