ನಲವತ್ತು ಸೆಕೆಂಡಿನ ಬಿಳುಪು

ಭಾನುವಾರ, ಸಂಜೆ

ಪ್ರೀತಿಯ ಚಿನ್ನಿಗೆ,

ಹಾಂ, ಆ ಹಲ್ಲಿನ ಡಾಕ್ಟರ ವಿಷಯ. ನಿನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತಿತು. ಆಸಾಮಿಗೆ ಫಿಲ್ಮು ಸಂಗ್ರಹಿಸುವ ಹುಚ್ಚು. ಅದೂ ಕಥೆ, ಹಾಡು, ಹೀರೋ ಇರುವ ಫಿಲ್ಮಲ್ಲ. ಬರೀ ಚುಕ್ಕೆ, ಗೆರೆ, ಬಣ್ಣ ಕುಣಿಯುವಂಥವು. ಆಬ್‌ಸ್ಟ್ರಾಕ್ಟ್ ಅನ್ನುತ್ತಾರೆ. ಆಬ್‌ಸ್ಟ್ರಾಕ್ಟ್ ನೌನ್ ಅಂದರೆ ಕೈಗೆ ಸಿಗದ್ದು ಅಂತ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬರೆಸಿದ್ದರು. ಬ್ರೇವರಿ, ಪಾವರ್ಟಿ, ಇನ್ನೊಂದೇನೋ ಇತ್ತು, ಮರೆತೆ.

ನಿಮ್ಮಮ್ಮ ಮಾಡಿದ ಫಿಲ್ಮು ಮಾತ್ರ ಪೂರ್ತಿ ಕೈಕೆಲಸ. ನಾನು ಥಿಯೇಟರಿನಿಂದ ತಂದುಕೊಟ್ಟ ಖಾಲಿ ಫಿಲ್ಮಿನ ಮೇಲೆ, ಕ್ಯಾಮೆರಾ ಇಲ್ಲದೆ, ಸೂಜಿ ಶಾಯಿ ಹಿಡಿದು ಎರಡು ವರ್ಷ ಊಟದ ಮೇಜಿಗೆ ಅಂಟಿಕೊಂಡಿದ್ದಳು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಓಡುವುದು ಮೂರೇ ನಿಮಿಷ. ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿ ಇಲ್ಲ. ಅದಕ್ಕೇ ಇಂಥವರಿಗೆ ಆಸೆ. ಅವಳ ಬೆರಳ ಗುರುತು ಕೂಡ ಪರದೆಯ ಮೇಲೆ ಆಳೆತ್ತರ ಕಾಣುತ್ತದೆ.

ಮೊನ್ನೆ ಡಾಕ್ಟರು ಮನೆಗೆ ಬಂದಾಗ ಗೋಡೆಗೆ ಬೆಡ್‌ಶೀಟು ಕಟ್ಟಿ ತೋರಿಸಿದೆ. ಶುರುವಿನ ನಲವತ್ತು ಸೆಕೆಂಡು ಏನೂ ಇಲ್ಲ, ಬರೀ ಬಿಳಿ. ಡಾಕ್ಟರು ಉಸಿರು ಬಿಗಿಹಿಡಿದು ನೋಡಿದರು. ಎಂಥಾ ಧೈರ್ಯ ಸಾರ್ ನಿಮ್ಮ ಮನೆಯವರದು, ಈ ಮೌನ ಒಂದೇ ಸಾಕು ಅಂದರು. ಇದರ ಮೇಲೆ ಲೇಖನವನ್ನೂ ಬರೆಯುತ್ತಾರಂತೆ. ಕಾಫಿ ಕುಡೀತೀರಾ ಅಂತ ಕೇಳಿದೆ.

ಚಿನ್ನಿ, ಅದು ಮೌನವೂ ಅಲ್ಲ, ಮಣ್ಣೂ ಅಲ್ಲ. ಓಡಿಸುವ ಮುಂಚೆ ಫಿಲ್ಮನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸುವುದು ನಮ್ಮಂಥ ಪ್ರೊಜೆಕ್ಟರ್ ಆಪರೇಟರುಗಳ ಚಾಳಿ. ಒಂದು ದಿನ ಇದನ್ನೂ ಒರೆಸಿದೆ. ಬಟ್ಟೆ ನೀಲಿಯಾಯಿತು. ಎಷ್ಟು ಕೊಳೆ ಕೂತಿದೆಯಪ್ಪ ಅಂತ ಇನ್ನೂ ಒತ್ತಿ ಒರೆಸಿದೆ. ತಿಳಿಯುವಷ್ಟರಲ್ಲಿ ಒಂಬೈನೂರ ಅರವತ್ತು ಚಿತ್ರ ಹೋಗಿದ್ದವು.

ಡಾಕ್ಟರು ಬುಧವಾರ ಒಯ್ಯಲು ಬರುತ್ತಾರೆ. ಅವರಲ್ಲಿ ಫಿಲ್ಮನ್ನು ತಣ್ಣಗಿಡುವ ಕೋಣೆಯಿದೆ. ನಮ್ಮ ಬೀರುವಿನಲ್ಲಿ ಇನ್ನೆರಡು ಬೇಸಿಗೆ ಕಳೆದರೆ ಸುರುಳಿ ಅಂಟಿಕೊಂಡು ಉಳಿದದ್ದೂ ಹಾಳು. ನಿಜ ಹೇಳಿದರೆ ಬೇಡ ಅಂದುಬಿಟ್ಟಾರು. ಆದರೂ ನನ್ನ ಎಡವಟ್ಟಿಗೆ ಅವಳ ಹೆಸರು ಹಚ್ಚಿ ಹೊಗಳುವುದನ್ನು ಕೇಳಿಕೊಂಡು ಕೂರಲು ಆಗಲಿಲ್ಲ. ಬಿಳಿ ನನ್ನದು, ಬಣ್ಣ ಅವಳದು ಅಂತ ಎರಡು ಸಾಲು ಬರೆದು ಬೆಳಿಗ್ಗೆಯೇ ಅವರ ಕ್ಲಿನಿಕ್ಕಿನ ಬಾಗಿಲಡಿ ತೂರಿಸಿ ಬಂದೆ.

ಬೆಳಕು ಇಳಿಯುತ್ತಿದೆ, ಸಾಲು ವಾಲುತ್ತಿವೆ. ಇಲ್ಲಿಗೆ ಸಾಕು.

ಇಂತಿ, ನಿನ್ನ
ಅಪ್ಪ

ಮರೆತಿದ್ದೆ: ಅಮ್ಮ ಆ ಕೆಲಸ ಯಾಕೆ ಬಿಟ್ಟಳು ಅಂತ ನೀನು ಕೇಳಿದಾಗಲೆಲ್ಲ ಕಣ್ಣು ಮಂಜಾಯಿತು ಅಂದಿದ್ದೆ. ಅವಳ ಕಣ್ಣು ಕೊನೆಯವರೆಗೂ ಚೆನ್ನಾಗಿಯೇ ಇದ್ದವು. ನಾನು ಒರೆಸುವಾಗ ಹಿಂದೆಯೇ ನಿಂತಿದ್ದಳು. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಗೆಯಲು ಹಾಕಿದಳು.