ನನಗಾಗಿ ಉಳಿಸಿಟ್ಟ ಅರ್ಧ ಊರು

ಲಿಂಗಸುಗೂರು
೧೪-೫-೧೯೫೫

ಇಟಲಿಯ ನೇಪಲ್ಸಿನಲ್ಲಿರುವ ನಮ್ಮ ಮನೆಯವರಿಗೆ ಶಿವಬಸಮ್ಮ ಮಾಡುವ ಶರಣು ಶರಣಾರ್ಥಿ.

ನಿಮ್ಮ ಕೆಮ್ಮು ಹೇಗಿದೆ? ಅಲ್ಲಿಯ ಊಟ ಹೊಟ್ಟೆಗೆ ಒಗ್ಗಿತೇ? ಇಲ್ಲಿ ಅತ್ತೆಯವರ ಮಂಡಿನೋವು ಬಿಟ್ಟರೆ ಎಲ್ಲರೂ ಆರಾಮ. ನಿಮ್ಮ ಪತ್ರ ಅವರಿಗೆ ಓದಿ ಹೇಳಿದೆ. ಹಟ್ಟಿ ಚಿನ್ನದ ಗಣಿಯವರು ಯಂತ್ರದ ಕೆಲಸ ಕಲಿಯಲು ಕಳಿಸಿದರೆ ಮಗ ರವಿವಾರ ಬಂತೆಂದರೆ ಊರು ಸುತ್ತುತ್ತಾನೆ ಎಂದು ಅವರು ನಕ್ಕರು. ಕರಿಕಲ್ಲು ಹಾಸಿದ ಓಣಿಗಳು, ಮನೆಯಿಂದ ಮನೆಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಮಾಳಿಗೆಯಿಂದ ಬುಟ್ಟಿ ಇಳಿಬಿಟ್ಟು ಕಾಯಿಪಲ್ಲೆ ಕೊಳ್ಳುವ ಹೆಂಗಸರು, ಎಲ್ಲ ಬರೆದಿದ್ದೀರಿ. ಎಂಥ ಸೋಮಾರಿಗಳು ಎಂದು ಮೊದಲು ಬೈದೆ, ಆಮೇಲೆ ನನಗೂ ಅಂಥ ಬುಟ್ಟಿಯ ಆಸೆಯಾಯಿತು. ಇಗರ್ಜಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಿರಂತೆ, ಎಲ್ಲರೂ ನಿಮ್ಮ ಕಾಲನ್ನೇ ನೋಡಿದರಂತೆ. ನೋಡಲಿ ಬಿಡಿ. ಅರ್ಧ ಊರನ್ನೂ ಸಮುದ್ರದ ಕೋಟೆಯನ್ನೂ ನೀನು ಬಂದ ಮೇಲೆ ಜೊತೆಯಾಗಿ ನಡೆದು ನೋಡೋಣವೆಂದು ಉಳಿಸಿದ್ದೇನೆ ಎಂದು ಬರೆದಿರಿ. ಆ ಸಾಲನ್ನು ಮಾತ್ರ ಅತ್ತೆಯವರಿಗೆ ಓದಿ ಹೇಳಲಿಲ್ಲ.

ಹೇಗೆ ಬರೆಯಲಿ, ನಾನು ಬರುವುದು ಆಗಲಿಲ್ಲ. ಪಾಸ್‌ಪೋರ್ಟಿನ ವಿಚಾರಣೆಗೆ ಒಬ್ಬ ಸಾಹೇಬರು ಮನೆಗೆ ಬಂದಿದ್ದರು. ಅದೂ ಇದೂ ಕೇಳಿ, ಗಂಡನ ಹೆಸರು ಹೇಳು ಎಂದರು. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಅತ್ತೆಯವರೇ ಮುಂದೆ ಬಂದು, “ನಮ್ಮ ಸೊಸಿ ಗಂಡನ ಹೆಸರ ಹೇಳೂದಿಲ್ರೀ ಸಾಹೇಬ್ರ, ನಾ ಹೇಳ್ತೀನಿ ಬರಕೊಳ್ರಿ,” ಎಂದರು. ಸುಳ್ಳು ಹೆಂಡತಿಯರನ್ನು ಹಡಗು ಹತ್ತಿಸುವವರಿದ್ದಾರೆ, ಹೋಗುವವಳ ಬಾಯಿಂದಲೇ ಬರಬೇಕು ಎಂದು ಸಾಹೇಬರು ಹಟ ಹಿಡಿದರು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಲಿಸಿದ್ದು. ಅದರಲ್ಲಿ ನೀವು ಸಮುದ್ರದಾಚೆ. ನನ್ನ ನಾಲಿಗೆ ಏಳಲೇ ಇಲ್ಲ. ಅವರು ಕಾಗದ ಮಡಚಿಕೊಂಡು ಹೋದರು, ಅರ್ಜಿ ತಿರಸ್ಕಾರವಾಗಿ ಬಂತು. ಹೊಸದಾಗಿ ಹಾಕಿ ಅದು ಮುಗಿಯುವಷ್ಟರಲ್ಲಿ ನೀವೇ ತಿರುಗಿ ಬಂದಿರುತ್ತೀರಿ.

“ಒಮ್ಮೆ ಹೆಸರ ಅಂದಿದ್ರ ಮ್ಯಾಲಿನ ಶಿವ ಏನ್ ಸಿಟ್ಟಾಗ್ತಿದ್ದಿಲ್ಲಬೇ,” ಎಂದು ಅತ್ತೆಯವರು ಕಣ್ಣೊರೆಸಿಕೊಂಡರು. ಆಗಿನಿಂದ ನನಗೆ ಊಟ ಸೇರುತ್ತಿಲ್ಲ. ಜೋಳ ಬೀಸುವಾಗಲೂ ನಾನು ಕಾಣದ ಆ ಓಣಿಗಳದೇ ಚಿಂತೆ. ಇನ್ನು ನನಗಾಗಿ ಏನನ್ನೂ ಉಳಿಸಬೇಡಿ, ಎಲ್ಲ ನೋಡಿಕೊಂಡು ಬನ್ನಿ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಲ್ಲಿ ಬಹಳ ತಿರುಗಬೇಡಿ.

ನಿಮ್ಮ
ಶಿವಬಸಮ್ಮ

ತಾ. ಕ.: ನಿನ್ನೆ ಹೊಲದಲ್ಲಿ ಯಾರೂ ಇಲ್ಲದಾಗ ಹೇಳಿ ನೋಡಿದೆ. ಮರಿಸ್ವಾಮಿ. ಏನೂ ಕಷ್ಟವಾಗಲಿಲ್ಲ. ನೀವು ಕ್ಷೇಮವಾಗಿದ್ದೀರೆಂದು ಈ ಪತ್ರ ಮುಟ್ಟಿದ ಕೂಡಲೇ ಒಂದು ಸಾಲು ಬರೆಯಿರಿ.