ಅಪ್ಪ ಬೆಸುಗೆ ಹಾಕಿದ ಸೈಲೆನ್ಸರ್

ಅಪ್ಪಾ,

ನೀನು ಕೊಟ್ಟ ಹಳೇ ವ್ಯಾನು ಹೊಗೆ ಪರೀಕ್ಷೆಯಲ್ಲಿ ಫೇಲಾಯಿತು. ಗಾಬರಿ ಬೇಡ. ಬೇರೆ ರಾಜ್ಯಕ್ಕೆ ಬಂದಮೇಲೆ ಇಲ್ಲಿ ಹೊಸದಾಗಿ ಪಾಸು ಮಾಡಿಸಲೇಬೇಕಂತೆ. ಹೊಗೆ ಜಾಸ್ತಿ ಬಂತೆಂದು ತಪಾಸಣೆಯವರು ವ್ಯಾನಿನ ಕೆಳಗೆ ಬಗ್ಗಿ ನೋಡಿ, "ಈ ಸೈಲೆನ್ಸರ್ ಯಾವ ಕಂಪನಿದಮ್ಮಾ?" ಅಂದರು. "ನಮ್ಮಪ್ಪಂದು" ಅಂದೆ. ಅವರು ನಗಲಿಲ್ಲ.

ಪಕ್ಕದ ಬೀದಿಯ ಮೆಕ್ಯಾನಿಕ್ "ಒಂದ್ ಗಂಟೆ ಕೆಲ್ಸ, ಹೊಸದು ಹಾಕ್ಬಿಡ್ತೀನಿ" ಎಂದು ಸ್ಪ್ಯಾನರ್ ಹಿಡಿದೇ ಬಂದ. ನಿನ್ನ ಅಳಿಯ ಹೂಂ ಅಂದೂ ಆಗಿತ್ತು. ಆ ವ್ಯಾನಿನ ಕೆಮ್ಮು ನಮ್ಮಪ್ಪನಿಗೆ ಮಾತ್ರ ಅರ್ಥವಾಗುವುದು ಎಂದು ಹೇಳಿ ನಾನೇ ಆ ಮೆಕ್ಯಾನಿಕ್‌ನನ್ನು ಸಾಗಹಾಕಿದೆ.

ಬಾ ಎಂದು ಕರೆದಾಗಲೆಲ್ಲ, "ಮಗಳ ಮನೇಲಿ ಕೂತ್ಕೊಂಡು ನೊಣ ಹೊಡೀಲಾ? ಕೆಲ್ಸ ಇದ್ರೆ ಹೇಳು, ಬರ್ತೀನಿ" ಅನ್ನುತ್ತಿದ್ದೆಯಲ್ಲ. ಈಗ ಕೆಲಸವಿದೆ. ವ್ಯಾನಿನಿಂದ ನೀನು ಬಿಚ್ಚಿಟ್ಟ ಕಂಪನಿಯ ಸೈಲೆನ್ಸರ್ ಅಲ್ಲೇ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ, ತೆಗೆದುಕೊಂಡು ಬಾ. ಕಾರ್ಬ್ಯುರೇಟರ್ ಉಜ್ಜುವ ನಿನ್ನ ಬ್ರಶ್ಶನ್ನೂ ಮರೆಯಬೇಡ. ನೀನು ಬೆಸುಗೆ ಹಾಕಿದ್ದನ್ನು ಗುಜರಿಗೆ ಕೊಡುವುದಿಲ್ಲ. ನಮ್ಮ ಮಂಚದ ಕೆಳಗೆ ಅದಕ್ಕೆ ಜಾಗ ಮಾಡಿದ್ದೇನೆ.

ವ್ಯಾನು ಪಾಸಾಯಿತೆಂದು ಮಾರನೇ ದಿನವೇ ಚೀಲ ಹೆಗಲಿಗೇರಿಸಬೇಡ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ಹಿಂಬಾಗಿಲು ನೆಲಕ್ಕೆ ಉಜ್ಜುತ್ತಿದೆ. ಎರಡನ್ನೂ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ನೀನು ಅವನ್ನು ಸರಿಮಾಡಿ ಮುಗಿಸುವಷ್ಟರಲ್ಲಿ ನಾನು ಇನ್ನೇನನ್ನಾದರೂ ಕೆಡಿಸಿಟ್ಟಿರುತ್ತೇನೆ.

ಬಾಗಿಲಲ್ಲೇ ನಿಂತಿರುವ
ನಿನ್ನ ಮಗಳು